ಮಿತಿಗಿನ್ನೆಷ್ಟು ದೂರ? ಲ್ಯಾಪ್‌ಟಾಪಿನ ಮೈಬಿಸಿಯ ಲೆಕ್ಕ

ತೇನಿ ಜಿಲ್ಲೆಯ ಆಂಡಿಪಟ್ಟಿಯ ಬಳಿಯಿರುವ ವೈಗೈ ಅಣೆಕಟ್ಟಿನ ಪೂರ್ಣ ಮಟ್ಟ 71 ಅಡಿ. ನೀರು 66 ಅಡಿ ಮುಟ್ಟಿದೊಡನೆ ಮೊದಲನೆಯ ಪ್ರವಾಹದ ಎಚ್ಚರಿಕೆ ಹೊರಡುತ್ತದೆ, 68.5 ಅಡಿಗೆ ಎರಡನೆಯದು; 69 ಅಡಿಗೆ ಮೂರನೆಯದು. ತೇನಿ, ದಿಂಡಿಗಲ್, ಮಧುರೈ, ಶಿವಗಂಗೆ, ರಾಮನಾಥಪುರ ಜಿಲ್ಲೆಗಳ ನದೀತೀರದವರಿಗೆ ಅಣೆಕಟ್ಟಿನಲ್ಲಿ ಒಟ್ಟು ಎಷ್ಟು ನೀರಿದೆ ಎಂಬ ಲೆಕ್ಕ ಬೇಕಿಲ್ಲ. ಮಿತಿಗೆ ಇನ್ನೆಷ್ಟು ಅಡಿ ಉಳಿದಿದೆ ಎಂಬುದೊಂದು ತಿಳಿದರೆ ಸಾಕು. ಮೇಲುಭಾಗದ ಕಂಬಂ ಕಣಿವೆಯಲ್ಲಿಯೂ ಇದೇ ಮಾತು. 1895ರಲ್ಲಿ ಕಟ್ಟಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಸುರಂಗವನ್ನು ದಾಟಿ ಗೂಡಲೂರು, ಕಂಬಂ, ಉತ್ತಮಪಾಳಯಂ, ಚಿನ್ನಮನೂರುಗಳ ಗದ್ದೆಗಳನ್ನು ತಣಿಸುತ್ತ ಹರಿಯುತ್ತದೆ. ಆ ಅಣೆಕಟ್ಟಿನ ನೀರಿಗೆ 142 ಅಡಿಯ ಮಿತಿಯನ್ನು ಸರ್ವೋಚ್ಚ ನ್ಯಾಯಾಲಯ 2014ರ ಮೇ 7ರ ತೀರ್ಪಿನಲ್ಲಿ ಎತ್ತಿಹಿಡಿಯಿತು. ಅಂದಿನಿಂದ ಮಳೆಗಾಲದಲ್ಲಿ ಇಲ್ಲಿಯ ಚಹಾ ಅಂಗಡಿಗಳ ಮಾತೆಲ್ಲ ಆ 142ರ ಸುತ್ತಲೇ ಸುಳಿಯುತ್ತದೆ.

ಇದೇ ಕಣಿವೆಯ ಮನೆಗಳಲ್ಲಿ ಮೇಜಿನ ಮೇಲೋ ಮಂಚದ ಮೇಲೋ ತೆರೆದಿಟ್ಟ ಲ್ಯಾಪ್‌ಟಾಪುಗಳ ಒಳಗೆ ಪ್ರತಿ ಕ್ಷಣವೂ ಇಂಥದೇ ಒಂದು ಲೆಕ್ಕ ನಡೆಯುತ್ತಿರುತ್ತದೆ ಎಂಬುದನ್ನು ಮಾತ್ರ ಬಹುಮಂದಿ ಅರಿಯರು. ಯಂತ್ರದ ಪ್ರೊಸೆಸರ್ ಎಂಬ ಚಿಪ್ಪು ತನ್ನ ಮೈಬಿಸಿ ಇಷ್ಟು ಎಂದು ನೇರವಾಗಿ ಹೇಳುವುದಿಲ್ಲ. ಮಿತಿಗೆ ತಾನು ಎಷ್ಟು ಕೆಳಗಿದ್ದೇನೆ ಎಂಬುದನ್ನಷ್ಟೇ ಹೇಳುತ್ತದೆ. ಆ ಅರೆಮಾತನ್ನು ಕೇಳಿ ಉಳಿದುದನ್ನು ಕೂಡಿಸಿ, ಬೇಕಾದಾಗ ಬಾಗಿಲು ಮುಚ್ಚಿಸುವ ಕೆಲಸ ಕರ್ನಲ್ ಎಂಬ ಒಳಗಿನ ಅಧಿಕಾರಿಯದು.

ಕಣಿವೆಯಲ್ಲಿ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಕಡಮೆಯಲ್ಲ. ತಮಿಳರು ಕಾಪ್ಪಿಲಿಯರ್ ಎಂದು ಕರೆಯುವ ಒಕ್ಕಲಿಗ ಸಮುದಾಯದವರು ತಲೆಮಾರುಗಳಿಂದ ಇಲ್ಲಿ ನೆಲೆಸಿದ್ದಾರೆ. ಹೊಲ, ದ್ರಾಕ್ಷಿಯ ಚಪ್ಪರ, ದನಕರು ಅವರ ಬದುಕು. ಅವರ ಮಕ್ಕಳ ಕೈಗೆ, ತಾಳವಾಡಿ ಮತ್ತು ಹೊಸೂರಿನ ಕನ್ನಡ ಮಾಧ್ಯಮದ ಮಕ್ಕಳ ಕೈಗೆ ಬಂದಂತೆಯೇ, ತಮಿಳುನಾಡು ಸರ್ಕಾರದ ಉಚಿತ ಲ್ಯಾಪ್‌ಟಾಪ್ ಬಂದುದು 2011ರಲ್ಲಿ ಆರಂಭವಾದ ಯೋಜನೆಯಿಂದ. ಎಲ್ಕಾಟ್ ಸಂಸ್ಥೆ ಕೊಂಡು ಹಂಚಿದ ಆ ಯಂತ್ರಗಳಲ್ಲಿ ವಿಂಡೋಸ್‌ನ ಜೊತೆಗೆ ಬಾಸ್ ಲಿನಕ್ಸ್ ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯೂ ಇತ್ತು. ಚೆನ್ನೈನ ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ ಆಧಾರದ ಮೇಲೆ ಸಿದ್ಧಪಡಿಸಿ 2007ರಲ್ಲಿ ಹೊರತಂದುದು ಅದು. ಗಡಿಯಾಚೆ ಕಾಸರಗೋಡಿನಲ್ಲಿ ಲಿನಕ್ಸ್ ಇನ್ನೂ ಹೆಚ್ಚು ಪರಿಚಿತ. ಕೇರಳದ ಶಾಲೆಗಳ ಕಂಪ್ಯೂಟರ್ ಕೋಣೆಗಳು ಮೊದಲು ಐಟಿ ಅಟ್ ಸ್ಕೂಲ್, 2017ರಿಂದ ಕೈಟ್ ಎಂಬ ಸರ್ಕಾರಿ ಸಂಸ್ಥೆಯ ಮೂಲಕ ಲಿನಕ್ಸ್‌ನಲ್ಲಿಯೇ ನಡೆಯುತ್ತಿವೆ. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ವಿಷಯದ ಪಠ್ಯಪುಸ್ತಕ ಕನ್ನಡದಲ್ಲಿಯೇ ದೊರೆಯುತ್ತದೆ. ಹೀಗಾಗಿ ಕರ್ನಾಟಕದ ಹೊರಗಿನ ಕನ್ನಡದ ಮಗುವಿಗೆ ಲಿನಕ್ಸ್ ಕರ್ನಲ್ ದೂರದ ವಸ್ತುವಲ್ಲ, ದಿನವೂ ಮುಟ್ಟುವ ವಸ್ತು.

ತೊಂದರೆ ತಲೆದೋರುವುದು ಬೇಸಗೆಯಲ್ಲಿ. ಮಗಳು ಪರೀಕ್ಷೆಯ ಪಾಠವನ್ನು ನೋಡುತ್ತಿರುವಾಗಲೋ ಕಾಲೇಜಿನ ಅರ್ಜಿಯನ್ನು ತುಂಬುತ್ತಿರುವಾಗಲೋ ಯಂತ್ರ ಇದ್ದಕ್ಕಿದ್ದಂತೆ ಆರಿಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಒತ್ತಿದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಎರಡು ಸಲ, ಮೂರು ಸಲ ಹೀಗಾದ ಮೇಲೆ ತಂದೆ ಅದನ್ನು ಪೇಟೆಯ ರಿಪೇರಿ ಅಂಗಡಿಗೆ ಒಯ್ಯುತ್ತಾರೆ. ‘ಬೋರ್ಡು ಹೋಗಿದೆ’ ಎಂಬ ಒಂದೇ ಮಾತಿನಲ್ಲಿ ತೀರ್ಪು ಹೊರಬೀಳುತ್ತದೆ. ಬೋರ್ಡಿನ ಬೆಲೆಯೋ ಹಳೆಯ ಯಂತ್ರದ ಬೆಲೆಗೆ ಸಮನಾಗಿರುತ್ತದೆ. ಮನೆಯವರಿಗೆ ಎರಡು ದಾರಿ: ಸಾಲ ಮಾಡಿ ಬೋರ್ಡು ಹಾಕಿಸುವುದು, ಇಲ್ಲವೇ ಮಗಳ ಓದನ್ನು ಫೋನಿನ ಪುಟ್ಟ ಪರದೆಗೆ ಇಳಿಸುವುದು. ಮೂರನೆಯ ದಾರಿಯೊಂದಿದೆ. ಆರಿಹೋಗುವ ಮುನ್ನ ಯಂತ್ರವೇ ಏನನ್ನು ಬರೆದಿಟ್ಟಿತು ಎಂದು ಕೇಳುವುದು. ಸಾಕ್ಷಿಯನ್ನು ವಿಚಾರಿಸದೆ ತೀರ್ಪು ಕೊಡುವುದು ಯಾವ ನ್ಯಾಯಾಲಯದಲ್ಲಿಯೂ ಒಪ್ಪುವ ಮಾತಲ್ಲ. ರಿಪೇರಿ ಅಂಗಡಿಯಲ್ಲಿ ಏಕೆ ಒಪ್ಪಬೇಕು?

ಈ ಸಾಕ್ಷಿ ಹುಟ್ಟುವ ಸ್ಥಳ ಉಗುರಿನಗಲದ ಸಿಲಿಕಾನ್. ಡಯೋಡ್ ಎಂಬ ಸಣ್ಣ ವಿದ್ಯುತ್ ಸಾಧನದ ಮೂಲಕ ನಿಗದಿತ ಪ್ರಮಾಣದ ಕರೆಂಟು ಹರಿಸಿದರೆ ಅದರ ಎರಡು ತುದಿಗಳ ನಡುವೆ ಒಂದು ವೋಲ್ಟೇಜ್ ಕಾಣಿಸುತ್ತದೆ. ಬಿಸಿ ಏರಿದಂತೆ ಆ ವೋಲ್ಟೇಜ್ ಇಳಿಯುತ್ತದೆ, ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟಿನಷ್ಟು. ಜ್ವರ ಅಳೆಯುವ ಪಾದರಸದ ಗಾಜಿನ ಕಡ್ಡಿಯಲ್ಲಿ ಪಾದರಸ ಏರುವುದು ಎಷ್ಟು ನಂಬಿಕೆಗೆ ಅರ್ಹವೋ ಡಯೋಡಿನ ಈ ಇಳಿತವೂ ಅಷ್ಟೇ ನಂಬಿಕೆಗೆ ಅರ್ಹ. ಚಿಪ್ಪು ಮಾಡುವವರು ಲೆಕ್ಕ ಮಾಡುವ ಭಾಗದ ಪಕ್ಕದಲ್ಲಿಯೇ, ಅತಿ ಹೆಚ್ಚು ಬಿಸಿಯಾಗುವ ಜಾಗದಲ್ಲಿ, ಇಂಥ ಸಂವೇದಕವನ್ನು ಹುದುಗಿಸಿರುತ್ತಾರೆ. ವೋಲ್ಟೇಜನ್ನು ಅಂಕೆಯಾಗಿ ಪರಿವರ್ತಿಸುವ ಸಲಕರಣೆಯೂ ಚಿಪ್ಪಿನೊಳಗೇ ಇರುತ್ತದೆ. ಹುಟ್ಟಿದ ಅಂಕೆ ರಿಜಿಸ್ಟರ್ ಎಂಬ ಪುಟ್ಟ ಗೂಡಿನಲ್ಲಿ ಬಂದು ಕೂರುತ್ತದೆ.

ಇಂಟೆಲ್ ಕಂಪನಿಯ ಚಿಪ್ಪುಗಳಲ್ಲಿ ಈ ಗೂಡಿಗೆ, ಹದಿನಾರರ ಎಣಿಕೆಯಲ್ಲಿ, 19ಸಿ ಎಂಬ ಸಂಖ್ಯೆ. ಅದರ ಎಲ್ಲ ಅಂಕೆಗಳೂ ಬಿಸಿಯನ್ನು ಕುರಿತವಲ್ಲ. ಮೊದಲ ಬಿಟ್ಟು, ಅಂದರೆ ಸೊನ್ನೆ ಅಥವಾ ಒಂದು ಮಾತ್ರ ಆಗಬಲ್ಲ ಮೊದಲ ಮನೆ, ಈ ಕ್ಷಣ ಮಿತಿ ಮುಟ್ಟಿದೆಯೇ ಎಂಬುದನ್ನು ಸೂಚಿಸುತ್ತದೆ. ಅದರ ಪಕ್ಕದ ಮನೆ ಹಿಂದೆಂದಾದರೂ ಮಿತಿ ಮುಟ್ಟಿತ್ತೇ ಎಂಬುದನ್ನು ನೆನಪಿಟ್ಟುಕೊಂಡಿರುತ್ತದೆ. ಯಾರಾದರೂ ಒರೆಸುವವರೆಗೆ ಅದು ಮರೆಯದು. ಕೊನೆಯ ಮನೆ, ಈ ಓದಿಕೆ ನಂಬಲರ್ಹವೇ ಎಂಬುದನ್ನು ಹೇಳುತ್ತದೆ. ನಡುವೆ, 16ರಿಂದ 22ರವರೆಗಿನ 7 ಮನೆಗಳಲ್ಲಿ ನಿಜವಾದ ಸುದ್ದಿ ಇದೆ. ಅಲ್ಲಿ 40 ಎಂದು ಕಂಡರೆ 40 ಡಿಗ್ರಿ ಬಿಸಿ ಎಂದು ತಿಳಿಯಬಾರದು. ಮಿತಿಗಿಂತ 40 ಡಿಗ್ರಿ ಕೆಳಗೆ ಎಂದು ತಿಳಿಯಬೇಕು. ಮಿತಿ 100 ಆಗಿದ್ದರೆ ಆಗ ಚಿಪ್ಪಿನ ಬಿಸಿ 60 ಡಿಗ್ರಿ ಸೆಲ್ಸಿಯಸ್. ಅಂಕೆ 10ಕ್ಕೆ ಇಳಿದರೆ ಬಿಸಿ 90ಕ್ಕೆ ಏರಿತು ಎಂದರ್ಥ. ಸೊನ್ನೆಯಾದರೆ ನೀರು ಅಣೆಯ ಅಂಚಿಗೆ ಬಂತು.

ಹೀಗೇಕೆ ಎಂದು ಕೇಳಬಹುದು. ನೇರವಾಗಿ 60 ಎಂದು ಹೇಳಿದ್ದರೆ ಏನು ಕಷ್ಟವಿತ್ತು? ಈ ಸಂವೇದಕ ಹುಟ್ಟಿದ್ದು ಮನೆಯವರಿಗೆ ಬಿಸಿಯ ಸುದ್ದಿ ಮುಟ್ಟಿಸಲಿಕ್ಕಲ್ಲ; ಚಿಪ್ಪನ್ನು ಸುಡದಂತೆ ಕಾಯಲಿಕ್ಕೆ. ಮಿತಿಯ ಹತ್ತಿರ ಅದು ನಿಖರ. ಮಿತಿಯಿಂದ ದೂರ ಸರಿದಷ್ಟೂ ನಿಖರತೆ ಕಡಮೆ. ಮುಂಜಾನೆಯ ತಂಪಿನಲ್ಲಿ ಯಂತ್ರವನ್ನು ಆಗಷ್ಟೇ ತೆರೆದಾಗ ಕಾಣುವ ಸಂಖ್ಯೆ ಕೆಲವು ಡಿಗ್ರಿ ಹಿಂದುಮುಂದಾಗಿರಬಹುದು, ಅದಕ್ಕಾಗಿ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. 95 ಎಂದು ಹೇಳುವಾಗ ಅದರ ಮಾತನ್ನು ಹಗುರವಾಗಿ ಕಾಣಬಾರದು.

ಈ ಗೂಡನ್ನು ಯಾರು ಬೇಕಾದರೂ ತೆರೆದು ನೋಡುವಂತಿಲ್ಲ. ಪ್ರೊಸೆಸರ್ ತನ್ನ ಮೇಲೆ ನಡೆಯುವ ಕಾರ್ಯಕ್ರಮಗಳನ್ನು ಶ್ರೇಣಿಗಳಾಗಿ ವಿಂಗಡಿಸಿದೆ. ಬ್ರೌಸರು, ಆಟ, ಪಠ್ಯಪುಸ್ತಕದ ಕಡತ ತೆರೆಯುವ ತಂತ್ರಾಂಶ ಇವೆಲ್ಲ ಹೊರಗಿನ ಶ್ರೇಣಿಯವು. ಕರ್ನಲ್ ಒಂದೇ ಸೊನ್ನೆಯ ಶ್ರೇಣಿಯಲ್ಲಿ, ಎಲ್ಲಕ್ಕಿಂತ ಒಳಗಿನ ಅಂಗಳದಲ್ಲಿ, ಕುಳಿತಿದೆ. ರಿಜಿಸ್ಟರನ್ನು ಓದುವ ಆಜ್ಞೆಯನ್ನು ಅಲ್ಲಿಂದ ಮಾತ್ರ ಹೊರಡಿಸಬಹುದು. ಹೊರಗಿನ ಕಾರ್ಯಕ್ರಮವೊಂದು ಆ ಆಜ್ಞೆಯನ್ನು ನುಡಿದರೆ ಪ್ರೊಸೆಸರ್ ಅಲ್ಲಿಯೇ ತಡೆದು ಕರ್ನಲಿಗೆ ದೂರು ಕೊಡುತ್ತದೆ; ಕರ್ನಲ್ ಆ ಕಾರ್ಯಕ್ರಮವನ್ನು ಸಾಮಾನ್ಯವಾಗಿ ಕೊನೆಗಾಣಿಸುತ್ತದೆ. ಕಟ್ಟುನಿಟ್ಟು ಅತಿಯಾಯಿತು ಎನ್ನಿಸೀತು. ಇಂಥ ಗೂಡುಗಳು ನೂರಾರಿವೆ, ಅವುಗಳಲ್ಲಿ ಕೆಲವನ್ನು ತಿದ್ದಿದರೆ ಯಂತ್ರವೇ ಅಡಿಮೇಲಾಗುತ್ತದೆ ಎಂಬುದನ್ನು ನೆನೆದರೆ ಈ ಬೀಗ ನ್ಯಾಯವಾದುದೇ.

ಇನ್ನೊಂದು ತೊಡಕಿದೆ. ಇಂದಿನ ಚಿಪ್ಪಿನಲ್ಲಿ ಲೆಕ್ಕ ಮಾಡುವ ಕೋರುಗಳು ಹಲವು. ಬೆಂಗಳೂರಿನ ಎಂಜಿನಿಯರುಗಳ ಕೈಯಲ್ಲಿ ರೂಪುಗೊಂಡು 2008ರ ಸೆಪ್ಟೆಂಬರಿನಲ್ಲಿ ಹೊರಬಂದ ಇಂಟೆಲ್‌ನ ಕ್ಸಿಯಾನ್ 7400 ಸರಣಿಯ ಚಿಪ್ಪಿನಲ್ಲಿ 6 ಕೋರುಗಳೂ 190 ಕೋಟಿ ಟ್ರಾನ್ಸಿಸ್ಟರುಗಳೂ ಇದ್ದವು. ಪ್ರತಿಯೊಂದು ಕೋರಿಗೂ ಅದರದೇ ಗೂಡು, ಅದರದೇ ಬಿಸಿ. ಒಂದು ಕೋರಿನ ಗೂಡನ್ನು ಇನ್ನೊಂದು ಕೋರಿನಿಂದ ಓದಲಾಗದು. ಆದ್ದರಿಂದ ಕರ್ನಲ್ ತಾನು ನಡೆಯುತ್ತಿರುವ ಕೋರಿನಿಂದ ಬೇರೆ ಕೋರಿಗೆ ಒಂದು ತುರ್ತು ಸೂಚನೆ ಕಳುಹಿಸುತ್ತದೆ. ಆ ಕೋರು ಮಾಡುತ್ತಿದ್ದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಮಲಗಿದ್ದರೆ ಎದ್ದು, ತನ್ನ ಗೂಡನ್ನು ಓದಿ ಉತ್ತರ ಹೇಳಿ ಮತ್ತೆ ತನ್ನ ಪಾಡಿಗೆ ಹೋಗುತ್ತದೆ. ರೋಗಿಯನ್ನು ಗಳಿಗೆಗೊಮ್ಮೆ ಎಬ್ಬಿಸಿ ‘ನಿದ್ರೆ ಬಂತೇ’ ಎಂದು ಕೇಳುವ ನೆಂಟರಂತೆ ಕರ್ನಲ್ ವರ್ತಿಸಿದರೆ ಆ ಕೇಳುವಿಕೆಯಿಂದಲೇ ಯಂತ್ರ ಬಿಸಿಯಾದೀತು. ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವ ಭಾಗ ಒಂದು ಸೆಕೆಂಡಿನೊಳಗೆ ಮತ್ತೆ ಯಾರಾದರೂ ಕೇಳಿದರೆ ಹಿಂದಿನ ಉತ್ತರವನ್ನೇ ಒಪ್ಪಿಸುತ್ತದೆ. ಸಮಂಜಸವಾದ ಏರ್ಪಾಡು.

ಆ ಭಾಗದ ಹೆಸರು ಕೋರ್‌ಟೆಂಪ್. ರುಡಾಲ್ಫ್ ಮಾರೆಕ್ ಎಂಬಾತ ಬರೆದುದು. 2007ರಿಂದ ಲಿನಕ್ಸ್ ಕರ್ನಲಿನಲ್ಲಿದೆ. ಅದರ ಪಠ್ಯವನ್ನು ಓದಿದರೆ ಈ ಕಥೆಯ ಅತ್ಯಂತ ಸ್ವಾರಸ್ಯಕರವಾದ ಅಧ್ಯಾಯ ಸಿಗುತ್ತದೆ. ಗೂಡು ಹೇಳುವುದು ಮಿತಿಯಿಂದ ದೂರವನ್ನು ಮಾತ್ರ ಎಂದಾಯಿತು. ಹಾಗಾದರೆ ಮಿತಿ ಎಷ್ಟು? ಈಚಿನ ಚಿಪ್ಪುಗಳಲ್ಲಿ ಆ ಮಿತಿಯೂ ಇನ್ನೊಂದು ಗೂಡಿನಲ್ಲಿ ಬರೆದಿರುತ್ತದೆ. ಕರ್ನಲ್ ಎರಡನ್ನೂ ಓದಿ ಕಳೆದುಬಿಡುತ್ತದೆ. ಆರಂಭದ ಚಿಪ್ಪುಗಳಲ್ಲಿ ಹೀಗಿರಲಿಲ್ಲ. ಮಿತಿ ಕೆಲವಕ್ಕೆ 85, ಕೆಲವಕ್ಕೆ 100; ಯಾವುದಕ್ಕೆ ಯಾವುದು ಎಂಬುದು ತಂತ್ರಾಂಶಕ್ಕೆ ತಿಳಿಯುವಂತೆ ಚಿಪ್ಪಿನಲ್ಲಿ ಸ್ಪಷ್ಟವಾಗಿ ಬರೆದಿರಲಿಲ್ಲ. ಬರೆದವರು ಏನು ಮಾಡಬೇಕು? ಚಿಪ್ಪಿನ ಮಾದರಿ ಯಾವುದು, ಲ್ಯಾಪ್‌ಟಾಪಿನದೋ ಮೇಜಿನ ಕಂಪ್ಯೂಟರಿನದೋ, ಬೇರೊಂದು ಗೂಡಿನ ಒಂದು ಬಿಟ್ಟು ಏನು ಹೇಳುತ್ತದೆ ಎಂಬಂಥ ಸಾಂದರ್ಭಿಕ ಸಾಕ್ಷ್ಯಗಳನ್ನು ಒಟ್ಟುಗೂಡಿಸಿ ಕೋರ್‌ಟೆಂಪ್ ಒಂದು ಊಹೆಗೆ ಬರುತ್ತದೆ. ಏನೂ ತಿಳಿಯದಿದ್ದರೆ 100 ಎಂದು ಹಿಡಿಯುತ್ತದೆ. ಊಹೆ ತಪ್ಪಿದರೆ ಪರದೆಯ ಮೇಲಿನ ಸಂಖ್ಯೆ 15 ಡಿಗ್ರಿ ಸುಳ್ಳಾಗುತ್ತದೆ. ನಿಜವಾದ ಬಿಸಿ 60 ಇರುವಾಗ 75 ಎಂದು ಕಂಡು ಮನೆಯವರು ಗಾಬರಿಯಾಗಬಹುದು. ಸಂವೇದಕ ಸುಳ್ಳು ಹೇಳಲಿಲ್ಲ. ಅದು ಹೇಳಿದ 25 ಎಂಬುದು ನಿಜವೇ. ತಪ್ಪಿದ್ದು ಅದಕ್ಕೆ ಕೂಡಿಸಿದ ಮಾತಿನಲ್ಲಿ.

ಎಎಂಡಿ ಕಂಪನಿಯ ಚಿಪ್ಪುಗಳ ಬಗೆ ಬೇರೆ. ಅವು ಕೊಡುವ ಮುಖ್ಯ ಸಂಖ್ಯೆ ಬಿಸಿಯಂತೆ ಕಾಣುತ್ತದೆ, ಆದರೆ ಅದು ಫ್ಯಾನಿನ ವೇಗವನ್ನು ನಿರ್ಧರಿಸಲು ಕಲ್ಪಿಸಿದ ಒಂದು ಅಳತೆ. ರೈಜನ್ 7 ಸರಣಿಯ 1700ಎಕ್ಸ್ ಮತ್ತು 1800ಎಕ್ಸ್ ಮಾದರಿಗಳಲ್ಲಿ ಅದು ನಿಜವಾದ ಬಿಸಿಗಿಂತ 20 ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಕರ್ನಲಿನಲ್ಲಿ ಆ ಮಾದರಿಗಳ ಹೆಸರನ್ನು ಗುರುತಿಸಿ 20ನ್ನು ಕಳೆಯುವ ಪಟ್ಟಿಯೊಂದನ್ನೇ ಇಡಬೇಕಾಯಿತು. ಕೈಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟುಕೊಳ್ಳುವವರ ಮನೆಯ ಕಥೆಯಂತೆ: ಮನೆಯವರಿಗೆ ಗೊತ್ತು, ಬಂದವರಿಗೆ ಗೊತ್ತಿಲ್ಲ.

ಇದಲ್ಲದೆ ಲ್ಯಾಪ್‌ಟಾಪಿನ ಬೋರ್ಡಿನ ಮೇಲೆಯೂ ಬಿಸಿಯ ಒಬ್ಬ ಲೆಕ್ಕಿಗನಿದ್ದಾನೆ. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಕೂಡಿ 1996ರಲ್ಲಿ ಪ್ರಕಟಿಸಿದ ಎಸಿಪಿಐ ಎಂಬ ಒಪ್ಪಂದದಂತೆ ಯಂತ್ರ ತಯಾರಿಸಿದವರು ತಮ್ಮ ಬೋರ್ಡಿನ ಬಿಸಿಯನ್ನೂ ಮಿತಿಗಳನ್ನೂ ಕರ್ನಲಿಗೆ ತಿಳಿಸಬೇಕು. ಅಲ್ಲಿಯ ಲೆಕ್ಕ ಕೆಲ್ವಿನ್ನಿನ ಹತ್ತನೆಯ ಒಂದು ಪಾಲಿನಲ್ಲಿ. 3202 ಎಂದು ಬಂದರೆ 2732ನ್ನು ಕಳೆದು ಹತ್ತರಿಂದ ಭಾಗಿಸಬೇಕು; ಉತ್ತರ 47 ಡಿಗ್ರಿ ಸೆಲ್ಸಿಯಸ್. ಹೈಸ್ಕೂಲಿನ ಮಕ್ಕಳು ಮಾಡಬಹುದಾದ ಲೆಕ್ಕ. ಎಸಿಪಿಐ ಒಂದಲ್ಲ, ಹಲವು ಮಿತಿಗಳನ್ನು ಹೇಳುತ್ತದೆ, ವೈಗೈಯ ಮೂರು ಎಚ್ಚರಿಕೆಗಳಂತೆ. ಒಂದು ಹಂತದಲ್ಲಿ ಫ್ಯಾನಿನ ವೇಗ ಏರಬೇಕು. ಇನ್ನೊಂದು ಹಂತದಲ್ಲಿ ಪ್ರೊಸೆಸರಿನ ಓಟವನ್ನೇ ತಗ್ಗಿಸಬೇಕು. ಆಗ ವಿಡಿಯೋ ತಡವರಿಸುತ್ತದೆ, ಟೈಪು ಮಾಡಿದ ಅಕ್ಷರ ನಿಧಾನವಾಗಿ ಮೂಡುತ್ತದೆ. ‘ಲ್ಯಾಪ್‌ಟಾಪ್ ಹಳೆಯದಾಯಿತು’ ಎಂದು ಮನೆಯವರು ನಿಟ್ಟುಸಿರುಬಿಡುವುದು ಎಷ್ಟೋ ಸಲ ಈ ಹಂತದಲ್ಲಿ. ಕೊನೆಯದು ಕ್ರಿಟಿಕಲ್ ಎಂಬ ಮಿತಿ. ಅದನ್ನು ಮುಟ್ಟಿದರೆ ಕರ್ನಲ್ ಯಾರ ಅನುಮತಿಯನ್ನೂ ಕೇಳುವುದಿಲ್ಲ, ಯಂತ್ರವನ್ನು ಕ್ರಮಬದ್ಧವಾಗಿ ಮುಚ್ಚಲು ತೊಡಗುತ್ತದೆ. ಕರ್ನಲ್ ಸ್ತಬ್ಧವಾಗಿ ಹೋಗಿದ್ದರೂ ಚಿಪ್ಪಿನೊಳಗಿನ ಇನ್ನೊಂದು ಸುತ್ತು ಕಾವಲಿದೆ; ಅದು ತಂತ್ರಾಂಶದ ಹಂಗಿಲ್ಲದೆ ವಿದ್ಯುತ್ತನ್ನೇ ಕಡಿಯುತ್ತದೆ.

ಈ ಕಾವಲಿಲ್ಲದ ಕಾಲವೂ ಇತ್ತು. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಪತ್ರಿಕೆಯವರು ಕೆಲಸದಲ್ಲಿ ತೊಡಗಿದ್ದ ಪ್ರೊಸೆಸರುಗಳ ಮೇಲಿನ ತಂಪುಕಾರಿ ಲೋಹದ ಗಟ್ಟಿಯನ್ನು ಕಿತ್ತು ತೆಗೆದು ಏನಾಗುತ್ತದೆ ಎಂದು ಚಿತ್ರೀಕರಿಸಿದರು. ಪೆಂಟಿಯಂ 4 ತನ್ನ ಓಟವನ್ನು ತಗ್ಗಿಸಿಕೊಂಡು ಕುಂಟುತ್ತಲೇ ಆಟವನ್ನು ಮುಂದುವರಿಸಿತು. ಎಎಂಡಿಯ 1.4 ಗಿಗಾಹರ್ಟ್ಸ್ ಅಥ್ಲಾನ್ ಕ್ಷಣಮಾತ್ರದಲ್ಲಿ ಹೊಗೆಯಾಡಿ ಸತ್ತಿತು. ಅದಕ್ಕಿಂತ ಹೊಸದಾದ, ಬಿಸಿ ಅಳೆಯುವ ಡಯೋಡನ್ನು ಒಳಗಿರಿಸಿಕೊಂಡ ಇನ್ನೊಂದು ಅಥ್ಲಾನ್ ಕೂಡ ಸುಟ್ಟುಹೋಯಿತು. ಡಯೋಡ್ ಇತ್ತು; ಅದರ ಮಾತನ್ನು ಕೇಳಬೇಕಾದ ಬೋರ್ಡು ಸಕಾಲದಲ್ಲಿ ಕೇಳಲಿಲ್ಲ. ಸಂವೇದಕವನ್ನು ಚಿಪ್ಪಿನೊಳಗೆ ಇಟ್ಟರಷ್ಟೇ ಸಾಲದು, ಅದನ್ನು ಕೂಡಲೇ ಓದಿ ಕ್ರಮ ಕೈಗೊಳ್ಳುವವರು ಬೇಕು ಎಂಬುದು ಆ ಹೊಗೆಯಿಂದ ಎಲ್ಲರಿಗೂ ಕಂಡಿತು. ಇಂದಿನ ಲ್ಯಾಪ್‌ಟಾಪ್ ಥಟ್ಟನೆ ಆರಿಹೋದರೆ ಅದು ಕೆಟ್ಟುಹೋದುದರ ಗುರುತಾಗಿರಲೇಬೇಕೆಂದಿಲ್ಲ. ಕೆಡದಂತೆ ತನ್ನನ್ನು ಕಾಪಾಡಿಕೊಂಡುದರ ಗುರುತೂ ಆಗಿರಬಹುದು.

ಯಾವುದು ಎಂದು ನಿರ್ಧರಿಸುವುದು ಹೇಗೆ? ಕರ್ನಲ್ ದಿನಚರಿ ಬರೆಯುತ್ತದೆ. ಕೋರಿನ ಉಷ್ಣತೆ ಮಿತಿ ಮೀರಿತು, ಓಟವನ್ನು ತಗ್ಗಿಸಲಾಯಿತು, ಈವರೆಗೆ ಇಂತಿಷ್ಟು ಸಲ ಹೀಗಾಗಿದೆ ಎಂಬ ಸಾಲು ಅದರಲ್ಲಿ ಮೂಡುತ್ತದೆ. ಕ್ರಿಟಿಕಲ್ ಮಿತಿ ಮುಟ್ಟಿ ಮುಚ್ಚುವಾಗಲೂ ಆ ಮಿತಿ ಮುಟ್ಟಿತು ಎಂಬ ಒಂದು ಸಾಲು ಬರೆದೇ ಅದು ಹೊರಡುತ್ತದೆ. ಯಂತ್ರ ಮತ್ತೆ ಹೊತ್ತಿಕೊಂಡಾಗ ಹಿಂದಿನ ಸಲದ ಈ ದಿನಚರಿಯನ್ನು ತೆರೆದು ನೋಡಬಹುದು. ಆ ಸಾಲು ಇದ್ದರೆ ದೋಷ ಬಹುಪಾಲು ಫ್ಯಾನಿನಲ್ಲೋ ಧೂಳಿನಲ್ಲೋ ಒಣಗಿದ ಉಷ್ಣವಾಹಕ ಲೇಪದಲ್ಲೋ ಇದೆ. ಬೋರ್ಡಿನ ಬೆಲೆ ತೆರುವ ಮುನ್ನ ಅವನ್ನು ನೋಡಿಸಬೇಕು. ಚಿಪ್ಪಿನ ಕಾವಲೇ ವಿದ್ಯುತ್ತನ್ನು ಕಡಿದಿದ್ದರೆ ಆ ಸಾಲನ್ನು ಬರೆಯಲು ಕರ್ನಲಿಗೆ ವ್ಯವಧಾನವೇ ಇರುವುದಿಲ್ಲ, ನಿಜ. ಆದರೂ ಅದಕ್ಕೆ ಮುಂಚೆ ಓಟ ತಗ್ಗಿಸಿದ ಸಾಲುಗಳು ಸಾಮಾನ್ಯವಾಗಿ ಉಳಿದಿರುತ್ತವೆ. ಯಾವ ಸಾಲೂ ಇಲ್ಲದೆ, ಬಿಸಿಯೂ ಏರದೆ, ಯಂತ್ರ ಸುಮ್ಮನೆ ಆರುತ್ತಿದ್ದರೆ ಆಗ ಅಂಗಡಿಯವರ ಮಾತಿಗೆ ಬಲ ಬರುತ್ತದೆ. ಬ್ಯಾಟರಿಯನ್ನೋ ಚಾರ್ಜರನ್ನೋ ಬೋರ್ಡನ್ನೋ ಶಂಕಿಸಬಹುದು.

ವಾರಂಟಿ ಇರುವ ಹೊಸ ಯಂತ್ರವಾದರೆ ಈ ದಿನಚರಿಗೆ ಇನ್ನೂ ಒಂದು ಬೆಲೆಯಿದೆ. ಮಾರಿದವರು ‘ನೀವು ಬಳಸಿದ ರೀತಿಯೇ ತಪ್ಪು’ ಎಂದು ಜಾರಿಕೊಳ್ಳಲು ನೋಡಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗದ ಮುಂದೆ ಹೋಗುವ ಹಕ್ಕು ಕೊಂಡವರಿಗಿದೆ. ವಿದ್ಯುನ್ಮಾನ ದಾಖಲೆ ಸಾಕ್ಷ್ಯವಾಗಬಲ್ಲದು. ಹಿಂದೆ ಭಾರತೀಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮು ಹೇಳುತ್ತಿದ್ದುದನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಹೇಳುತ್ತದೆ. ದಾಖಲೆಯ ಜೊತೆಗೆ ಅದು ಕೇಳುವ ಪ್ರಮಾಣಪತ್ರವೂ ಇರಬೇಕು. ಅದಕ್ಕಾಗಿ ಯಂತ್ರವನ್ನು ರಿಪೇರಿಗೆ ಕೊಡುವ ಮುನ್ನವೇ ದಿನಚರಿಯ ಪ್ರತಿ ತೆಗೆದಿಟ್ಟುಕೊಳ್ಳುವುದು ಜಾಣತನ. ಅಂಗಡಿಯಲ್ಲಿ ವ್ಯವಸ್ಥೆಯನ್ನು ಹೊಸದಾಗಿ ತುಂಬಿಸಿದರೆ ಸಾಕ್ಷಿ ಅಳಿಸಿಹೋಗುತ್ತದೆ.

ಸಾಕ್ಷಿಯನ್ನು ಪಾಟೀಸವಾಲು ಮಾಡುವುದಕ್ಕೂ ಲಿನಕ್ಸ್‌ನಲ್ಲಿ ಅವಕಾಶವಿದೆ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ಕರ್ನಲ್ ಮರುವರ್ಷ ಜಿಪಿಎಲ್ ಎಂಬ ಪರವಾನಗಿಯ ಅಡಿಗೆ ಬಂತು. ತಂತ್ರಾಂಶವನ್ನು ಹಂಚುವವರು ಅದರ ಮೂಲಪಠ್ಯವನ್ನೂ ಒದಗಿಸಬೇಕು, ಓದುವ ಮತ್ತು ತಿದ್ದುವ ಹಕ್ಕನ್ನೂ ಪಡೆದವರಿಗೆ ಬಿಟ್ಟುಕೊಡಬೇಕು ಎಂಬುದು ಅದರ ಕಟ್ಟಳೆ. ಕೋರ್‌ಟೆಂಪ್ ಮಿತಿಯನ್ನು ಊಹಿಸುತ್ತದೆ ಎಂಬ ಗುಟ್ಟು ಹೊರಬಿದ್ದುದು ಯಾರೋ ಕದ್ದು ಹೇಳಿದ್ದರಿಂದಲ್ಲ. ಆ ಪಠ್ಯದಲ್ಲಿ ಅದನ್ನು ಬರೆದವರೇ ಹೇಳಿಕೊಂಡಿದ್ದಾರೆ. ಉತ್ತಮಪಾಳಯದ ವಿದ್ಯಾರ್ಥಿನಿಗೂ ಕಾಸರಗೋಡಿನ ಶಿಕ್ಷಕರಿಗೂ ಅದು ಸಮಾನವಾಗಿ ತೆರೆದಿದೆ. ಮಿತಿ ತಪ್ಪಾಗಿದ್ದರೆ ಸರಿಯಾದ ಸಂಖ್ಯೆಯನ್ನು ಬಳಕೆದಾರರೇ ಕೋರ್‌ಟೆಂಪ್‌ಗೆ ತಿಳಿಸುವ ಕಿಟಕಿಯೂ ಇದೆ.

ಓದುವ ಬಗೆ ಕಷ್ಟದ್ದಲ್ಲ. ಬಾಸ್ ಅಥವಾ ಕೈಟ್ ಲಿನಕ್ಸ್‌ನಲ್ಲಿ ಸಿಸ್ ಎಂಬ ಕಡತಕೋಶವಿದೆ. ಅದರೊಳಗೆ ಕ್ಲಾಸ್, ಅದರೊಳಗೆ ಥರ್ಮಲ್, ಅದರೊಳಗೆ ಥರ್ಮಲ್ ಜೋನ್ 0. ಅಲ್ಲಿ ಟೆಂಪ್ ಎಂಬ ಕಡತ. ಈ ಕಡತ ಡಿಸ್ಕಿನ ಮೇಲೆ ಎಲ್ಲಿಯೂ ಇಲ್ಲ. ತೆರೆದ ಕ್ಷಣದಲ್ಲಿ ಕರ್ನಲ್ ಹೋಗಿ ಬಿಸಿಯನ್ನು ಕೇಳಿಕೊಂಡು ಬಂದು ಉತ್ತರವನ್ನು ಕಡತದ ವೇಷದಲ್ಲಿ ಮುಂದಿಡುತ್ತದೆ. ಒಳಗಿನ ಅಂಗಳದ ಬೀಗವನ್ನು ಮುರಿಯದೆಯೇ ಹೊರಗಿನವರಿಗೆ ಸುದ್ದಿ ಮುಟ್ಟಿಸುವ ಉಪಾಯ ಇದು. ಅಲ್ಲಿ 47000 ಎಂಬ ಸಂಖ್ಯೆ ಕಂಡರೆ ಬೆಚ್ಚಬಾರದು. ಕರ್ನಲ್ ತನ್ನ ಲೆಕ್ಕಗಳಲ್ಲಿ ದಶಾಂಶ ಬಿಂದುವನ್ನು ಬಳಸದೆ ಡಿಗ್ರಿಯ ಸಾವಿರದ ಒಂದು ಪಾಲಿನಲ್ಲಿ ಎಣಿಸುತ್ತದೆ. ಮೂರು ಸೊನ್ನೆ ಬಿಟ್ಟರೆ 47 ಡಿಗ್ರಿ. ‘ಸೆನ್ಸರ್ಸ್’ ಎಂಬ ಆಜ್ಞೆಯನ್ನು ಅಳವಡಿಸಿಕೊಂಡಿದ್ದರೆ ಎಲ್ಲ ಕೋರುಗಳ ಬಿಸಿಯೂ ಅವುಗಳ ಮಿತಿಯೂ ಒಂದೇ ಪಟ್ಟಿಯಲ್ಲಿ ಕಾಣುತ್ತವೆ.

ಕಂಬಂ ಕಣಿವೆಯಲ್ಲಿ ಆನಿ, ಆಡಿ ತಿಂಗಳುಗಳಲ್ಲಿ ಘಟ್ಟದ ಸಂದಿನಿಂದ ನುಗ್ಗುವ ಗಾಳಿಗೆ ಗಾಳಿಯಂತ್ರಗಳು ಗಿರ್ರನೆ ತಿರುಗುತ್ತವೆ. ಆ ಗಾಳಿ ತರುವ ಮಣ್ಣಿನ ಧೂಳು ಲ್ಯಾಪ್‌ಟಾಪಿನ ಹೊಟ್ಟೆಯ ಸಣ್ಣ ಫ್ಯಾನಿಗೂ ಅದರ ಮುಂದಿನ ತಾಮ್ರದ ರೆಕ್ಕೆಗಳಿಗೂ ಕಂಬಳಿಯಂತೆ ಹೊದೆದುಕೊಳ್ಳುತ್ತದೆ. ಯಂತ್ರವನ್ನು ಹಾಸಿಗೆಯ ಮೇಲೋ ದಿಂಬಿನ ಮೇಲೋ ಇಟ್ಟರೆ ಅಡಿಯ ಗಾಳಿಗಂಡಿಗಳೂ ಮುಚ್ಚಿಹೋಗುತ್ತವೆ. ಗಟ್ಟಿಯಾದ ಹಲಗೆಯ ಮೇಲೆ ಇಟ್ಟು ಓದಿದರೆ ಅದೇ ಪಾಠಕ್ಕೆ ಕೆಲವು ಡಿಗ್ರಿ ಕಡಮೆಯಾಗುವುದನ್ನು ಮಕ್ಕಳೇ ಆ ಕಡತವನ್ನು ತೆರೆದು ನೋಡಬಹುದು. ಧೂಳು ತೆಗೆಸಲು ಅಂಗಡಿಗೆ ಕೊಡುವ ಮುನ್ನ ಒಂದು ಸಲ, ತೆಗೆಸಿ ತಂದ ಮೇಲೆ ಇನ್ನೊಂದು ಸಲ, ಒಂದೇ ವಿಡಿಯೋವನ್ನು ಹತ್ತು ನಿಮಿಷ ಓಡಿಸಿ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ, ಕೊಟ್ಟ ಹಣಕ್ಕೆ ಕೆಲಸ ನಡೆಯಿತೇ ಎಂಬುದು ಆ ಮೂರು ಸೊನ್ನೆಗಳ ಮುಂದಿನ ಎರಡು ಅಂಕೆಗಳಲ್ಲಿಯೇ ತಿಳಿಯುತ್ತದೆ.